ಕಿಟಕಿ ಪಕ್ಕದ ಸೀಟು

ಸುಂಕದಕಟ್ಟೆಯಿಂದ ಪೀಣ್ಯಕ್ಕೆ ನಲವತ್ತು ನಿಮಿಷ.
ಜಾಮಾಗಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ,
ಯಾರೂ ನನ್ನನ್ನು ಏನೂ ಕೇಳದ ಹೊತ್ತು ಅದೊಂದೇ.
ಕಿಟಕಿಗೆ ತಲೆಯಾನಿಸಿದರೆ ಪಕ್ಕದ ಹನುಮಕ್ಕ
ತನ್ನ ಕನಕಾಂಬರದಲ್ಲಿ ಗೇಣುದ್ದ ಹರಿದು
ಮುಡಿಸುವಳು, ನಿದ್ದೆ ಕೆಡದ ಹಾಗೆ.

ಬಸ್ಸು ನಿಂತಿತು. ಕಾರ್ಖಾನೆ ಗೇಟಿಗೆ ಸರಪಳಿ.
ಹತ್ತಡಿ ಕೋಣೆಯಲ್ಲಿ ಅತ್ತೆ, ಅವನು, ಎರಡು ಮಕ್ಕಳು,
ಒಂದು ಫೋನು.
ಮಗನ ಕ್ಲಾಸು ಮುಗಿಯುವಷ್ಟರಲ್ಲಿ ಡೇಟಾ ಖಾಲಿ;
ಮಗಳು ಅಕ್ಕಿ ಆರಿಸುತ್ತ ಕೂತಳು.
ಇರಲಿ ಬಿಡು ಎಂದವಳು ನಾನೇ.

ಊರ ಬಾಯಿ ಮುಚ್ಚಲಾಗದು ಅನ್ನುತ್ತಿದ್ದಳು ಅಜ್ಜಿ.
ದಿನಕ್ಕೆ ಇನ್ನೂರು ಮುಚ್ಚಿದೆ ನಾನು,
ಎರಡು ಪದರ, ಎರಡು ಲಾಡಿ,
ಒಂದಕ್ಕೆ ಒಂದೂವರೆ ರೂಪಾಯಿ.
ಬಂದ ದುಡ್ಡು ಎಣಿಸುವ ಮುಂಚೆ
ಬ್ರಾಂದಿ ಅಂಗಡಿ ತೆರೆದರು.
ಅವನು ಕೂಗಿದಷ್ಟೂ ಮಿಷಿನ್ನು ಜೋರಾಗಿ ತುಳಿದೆ,
ಪಕ್ಕದ ಮನೆಗೆ ಬರೀ ಹೊಲಿಗೆ ಕೇಳಲಿ ಎಂದು.

ಬಸ್ಸು ಬಿಟ್ಟ ದಿನ ಕಿಟಕಿ ಪಕ್ಕ ಕೂತೆ.
ಹನುಮಕ್ಕನ ನಂಬರು ತಿಂಗಳಿಂದ ಸ್ವಿಚಾಫು.
ಅವಳ ಸೀಟಿಗೆ ಕೆಂಪು ಟೇಪಿನ ಅಡ್ಡಗೀಟು: ಕೂರಬೇಡಿ.

ಕಂಡಕ್ಟರು ಎಬ್ಬಿಸಿದಾಗ ಪೀಣ್ಯ ದಾಟಿತ್ತು.
ಕೈ ತಾನಾಗಿ ಜಡೆ ತಡವಿತು.