ಒಂದು ಬಾಕಿ

ನನಗೆ ಈ ಹಿಮಬಂಡಿಗಳನ್ನು ಕಂಡರಾಗದು,
ಮೊದಲೇ ಹೇಳಿಬಿಡುತ್ತೇನೆ.
ಆ ಪೆಟ್ರೋಲಿನ ಘಾಟು, ಕಿವಿ ಕೊರೆಯುವ ಗದ್ದಲ,
ಬೆಳಗಿನಿಂದ ನನ್ನ ಸ್ಕೀ ಎಳೆದ ಜೋಡಿಗೆರೆಯನ್ನು
ಒಂದೇ ಏಟಿಗೆ ಉತ್ತು ಹಾಕುವ ಧಿಮಾಕು.
ಆದರೆ ಒಂಟಾರಿಯೋದ ಈ ಬಡಗಣ ಮೂಲೆಯಲ್ಲಿ
ಕಾಡಿಗಿರುವುದು ಒಂದೇ ಹಾದಿ.
ಅವರದೂ ಅದೇ, ನನ್ನದೂ ಅದೇ.
ಮೂಸ್ ಕಡವೆಯದೂ ಅದೇ;
ಅದು ಮಾತ್ರ ಯಾರಿಗೂ ಬದಿ ಬಿಡುವುದಿಲ್ಲ.

ಆ ಶನಿವಾರ ಮೈನಸ್ ಇಪ್ಪತ್ತೆರಡು.
ಮರ ಸಾಗಿಸುವ ರಸ್ತೆ ದಾಟಿ
ಹಳ್ಳದ ತಿರುವು ಇನ್ನೂ ನೂರು ಮಾರು ಇರುವಾಗ
ಪ್ರೂನ್ ಕಿವಿ ನಿಮಿರಿಸಿತು.
ಅದರ ಕೊರಳಪಟ್ಟಿ ಹಿಡಿದು
ಮೊಣಕಾಲುದ್ದದ ಹಿಮಕ್ಕೆ ಇಳಿದು ನಿಂತೆ.

ಮೊದಲು ಬಂದವನು ನೋರ್ಮಾಂ ಗೆರ್ತಾಂ.
ನನ್ನನ್ನು ಕಂಡು ವೇಗ ತಗ್ಗಿಸಿದ, ಅಷ್ಟು ಒಪ್ಪಬೇಕು.
ಎಡಗೈ ಎತ್ತಿ ನಾಲ್ಕು ಬೆರಳು ತೋರಿದ:
ಹಿಂದೆ ಇನ್ನೂ ನಾಲ್ವರು.
ಇಲ್ಲಿಯ ಭಾಷೆ ಇದು.
ಹೆಲ್ಮೆಟ್ಟಿನೊಳಗೆ ಬಾಯಿ ಇದ್ದೂ ಇಲ್ಲ;
ಫ್ರೆಂಚೋ ಇಂಗ್ಲಿಷೋ ಕ್ರೀಯೋ
ಬೆರಳು ಕೇಳುವುದಿಲ್ಲ.
ಎರಡನೆಯ ಬಂಡಿ: ಮೂರು.
ಮೂರನೆಯ ಹುಡುಗನಿಗೆ ಚೀಲದಂಥ ಕೈಗವಸು,
ಬೆರಳೆಲ್ಲಿ ತರುತ್ತಾನೆ?
ಕೈಯನ್ನೇ ಎರಡು ಸಲ ಎತ್ತಿ ಇಳಿಸಿದ. ನಗು ಬಂತು.
ನಾಲ್ಕನೆಯದು ಕಿತ್ತಳೆ ಜಾಕೆಟ್ಟಿನ ಓದೆತ್:
ಒಂದು.

ಇನ್ನು ಬರಬೇಕಾದದ್ದು ಮುಷ್ಟಿ.
ಬಿಗಿದ ಮುಷ್ಟಿ ಎಂದರೆ ನಾನೇ ಕೊನೆ,
ಹಾದಿ ನಿನ್ನದು, ಹೋಗು.

ಹಿಮದ ಪುಡಿ ಇಳಿಯಿತು.
ಸ್ಪ್ರೂಸ್ ಮರವೊಂದು ಕೊಂಬೆ ಕೊಡವಿಕೊಂಡಿತು.
ಮುಷ್ಟಿ ಬರಲಿಲ್ಲ.

ಹಿಂದೆ ಬಿದ್ದಿರಬಹುದು. ಉಚ್ಚೆಗೆ ನಿಂತಿರಬಹುದು.
ನನಗೇನು, ಅವರ ಲೆಕ್ಕ ಅವರು ನೋಡಿಕೊಳ್ಳಲಿ ಅಂದುಕೊಂಡೆ.
ಆದರೆ ನೋಡಿ, ಲೆಕ್ಕವನ್ನು
ಅವರು ನನ್ನ ಕೈಗೇ ಕೊಟ್ಟು ಹೋಗಿದ್ದರು.
ನಾಲ್ಕು ಅಂದಿದ್ದರು, ಮೂರು ಬಂದಿತ್ತು.
ಸಾಲ ಕೊಟ್ಟವಳಂತೆ ಕಾಲು ತಾನೇ ಆ ಕಡೆ ಹೊರಟಿತು.

ತಿರುವಿನಲ್ಲಿ ನಾಲ್ಕು ಜಾಡು ಬಳುಕಿದ್ದವು.
ಒಂದು ಬಳುಕದೆ ನೇರ
ಪೊದೆ ಸೀಳಿಕೊಂಡು ಹಳ್ಳಕ್ಕೆ.

ಕೆಳಗೆ ರೊಸೇರ್. ಬಂಡಿ ಅಂಗಾತ,
ಅದರಡಿಯಲ್ಲಿ ಅವನ ಬಲಗಾಲು.
ಊರಿಗೆಲ್ಲ ಸವಾರಿ ಕಲಿಸಿದವನು;
ಬಲ್ಲವನೇ ಕೊನೆಯಲ್ಲಿರಬೇಕು ಎಂದು ಸಾರಿದವನು.
ಮೊಲವೊಂದಕ್ಕೆ ದಾರಿ ಬಿಟ್ಟನಂತೆ.
ಎಂಜಿನ್ ಸತ್ತಿತ್ತು:
ಮಣಿಕಟ್ಟಿಗೆ ಕಟ್ಟಿದ್ದ ಕೆಂಪು ದಾರ
ಬೀಳುವಾಗಲೇ ಕೀಲಿ ಕಿತ್ತುಕೊಂಡಿತ್ತು.
ಆ ಗೇಣುದ್ದದ ದಾರ ಇಲ್ಲದಿದ್ದರೆ
ಹಲ್ಲಿನ ಪಟ್ಟಿ ಅವನ ತೊಡೆಯ ಮೇಲೆ
ಇನ್ನೂ ಓಡುತ್ತಿರುತ್ತಿತ್ತು.

"ಗಿಲೇನ್," ಅಂದ, ತುಟಿ ನೀಲಿ,
"ನಿನ್ನ ನಾಯಿ ಕಚ್ಚುತ್ತದೆಯೇ?"

ನನ್ನ ಕೈಲಿ ಎತ್ತಲಾಗುವ ಭಾರವಲ್ಲ ಅದು.
ಕೋಟು ಹೊದಿಸಿದೆ, ನಾಯಿಯನ್ನು ಎದೆಗೆ ಮಲಗಿಸಿದೆ.
ಸ್ಕೀ ಎರಡನ್ನೂ ತಿರುವಿನ ಆಚೆ
ಕತ್ತರಿಯಾಗಿ ನೆಟ್ಟು ಬಂದೆ;
ಅವಸರದಲ್ಲಿ ತಿರುಗಿ ಬರುವವರು
ನಮ್ಮ ಮೇಲೇ ಬರಬಾರದಲ್ಲ.
ಮುಂದಿನ ಕವಲಿನಲ್ಲಿ ಅವರೂ ಎಣಿಸಿಕೊಂಡಿದ್ದರಂತೆ.
ಕಾಲು ಗಂಟೆಗೆ ಬಂದರು, ನಿಧಾನವಾಗಿ ಬಂದರು.
ನಾಲ್ಕು ಜೊತೆ ಕೈ ಬಂಡಿಯನ್ನು ಮಗುಚಿದವು.

ಮಾರ್ಚಿನಲ್ಲಿ ಮತ್ತೆ ಅದೇ ತಿರುವು.
ನಾಲ್ಕು, ಮೂರು, ಎರಡು (ಹುಡುಗನಿಗೆ ಹೊಸ ಗವಸು), ಒಂದು.
ಕೊನೆಗೆ ಬಂಡಿಯ ಪಕ್ಕಕ್ಕೆ ಊರುಗೋಲು ಬಿಗಿದುಕೊಂಡು ಅವನು.
ಹತ್ತಿರ ಬಂದು ಮುಷ್ಟಿ ಎತ್ತಿದ,
ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಎತ್ತಿ ಹಿಡಿದ.

ನನ್ನ ಕೈಯೂ ಮೇಲಕ್ಕೆ ಹೋಯಿತು, ಮುಷ್ಟಿ ಕಟ್ಟಿಕೊಂಡು:
ಹಿಂದೆ ಯಾರೂ ಇಲ್ಲ.
ಆಮೇಲೆ ನೆನಪಾಯಿತು.
ಪ್ರೂನ್ ಎಲ್ಲೋ ಮೂಸುತ್ತ ಹಿಂದುಳಿದಿತ್ತು.
ಮುಷ್ಟಿ ಬಿಚ್ಚಿ
ಒಂದು ಬೆರಳು ತೋರಿಸಿದೆ.
ಅವನು ಬ್ರೇಕು ಒತ್ತಿದ.

ಪೆಟ್ರೋಲಿನ ಘಾಟು ಮಾತ್ರ
ಸಂಜೆಯಾದರೂ ಟೋಪಿ ಬಿಟ್ಟು ಹೋಗಲಿಲ್ಲ.