ಬಣ್ಣ ಬಿಡುವ ಬಗ್ಗೆ

ಕೌಲ್ ಬಜಾರಿನ ಒಳಗಲ್ಲಿಯ ಶೆಡ್ಡಿನಲ್ಲಿ
ನಲವತ್ತು ಪದರ ಡೆನಿಮ್ ಹಾಸಿ, ಒತ್ತಿ,
ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು
ಕಟಿಂಗ್ ಮಾಸ್ತರು ಹೊನ್ನೂರವಲಿ.
ಗೆರೆ ಮೊದಲ ಸಲ ನಡುಗಿದ್ದು ಒಂದು ಗುರುವಾರ,
ಮೂವತ್ನಾಲ್ಕರ ಸೊಂಟದ ಹತ್ತಿರ.
‘ಕರೆಂಟು ಏರಿಳೀತೈತೆ’ ಅಂದರು.
ಮಿಷನ್ನು ಆರಿತ್ತು.
ನಾನು ಓವರ್‌ಲಾಕಿನ ದಾರ ಹುಡುಕುವವಳಂತೆ ತಲೆ ತಗ್ಗಿಸಿದೆ.

ಆಮೇಲೆ ಕಟ್ಟುಗಳ ಮೇಲೆ ಬರೆವ ಸೈಜು
ದಿನಕ್ಕಿಷ್ಟು ಸಣ್ಣದಾಗಿ ಸಾಸಿವೆಯಾಯಿತು.
ಮುಖಕ್ಕೆ ಯಾರೋ ಇಸ್ತ್ರಿ ಹಾಕಿದ ಹಾಗೆ
ನಗು ಬಂದರೂ ಮಡಿಕೆ ಬೀಳಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚಿತ್ರ ತೋರಿಸಿದಳು:
‘ಮಿದುಳಿನ ನಡುವೆ ಒಂದು ಕಪ್ಪು ಪಟ್ಟಿ. ಅದು ಬಿಳಿಚುತ್ತಿದೆ.’
ನಮಗೆ ಬಿಡಿಸಿ ಹೇಳಬೇಕಿರಲಿಲ್ಲ.
ಮುಂಡ್ರಿಗಿಯ ವಾಷಿಂಗಿನಲ್ಲಿ ಡ್ರಮ್ಮು ತಿರುಗುತ್ತದೆ,
ಕಲ್ಲಿನ ಜೊತೆ ಹೊರಳಿ ಹೊರಳಿ
ಮೊದಲು ಮಂಡಿ ಬಣ್ಣ ಬಿಡುತ್ತದೆ.
‘ಅಲ್ಲಿ ಬಣ್ಣ ತೆಗೆಯಾಕ ಕೂಲಿ ಕೊಡ್ತಾರ.
ಇಲ್ಲಿ ಯಾರು ತೆಗೀತಾರಮ್ಮ,
ಯಾವ ಫ್ಯಾಷನ್ನಿಗೆ?’

ಕಾಂಡಕೋಶದ ಮಾತೆತ್ತಿದವಳು ಖಾಸಿಂಬಿ.
ಬ್ಯಾಗಿನಲ್ಲಿ ನಾಲ್ಕು ಮಡಿಕೆಯ ಹೊಳೆವ ಕಾಗದ,
ಅದರ ಬೆಲೆ ನಮ್ಮ ಜೂಕಿ ಮಿಷನ್ನುಗಳಷ್ಟೂ.
ಕೊಳ್ಳುವವನನ್ನೂ ಗೊತ್ತುಮಾಡಿ ಬಂದಿದ್ದಳು.
ಡಾಕ್ಟರಮ್ಮ ಕಾಗದ ಓದಿ, ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿದಳು.
‘ಏನಾಗಬೇಕೆಂದು ಇನ್ನೂ ಗೊತ್ತಿಲ್ಲದ ಕೋಶ ಅದು.’
ಮಾಸ್ತರು ಥಟ್ಟನೆ: ‘ಕತ್ತರಿ ತಾಗದ ತಾನು.’
ಹೌದು, ಇನ್ನೂ ತಾನಾಗದ ತಾನು.
‘ಸತ್ತ ನರಕ್ಕೆ ಜೀವ ಕೊಡುವುದಿಲ್ಲ.
ಬದುಕಿರುವುದರ ಮಗ್ಗುಲಲ್ಲಿ ಕೂತು
ಉಣಿಸೀತು, ಉರಿ ಇಳಿಸೀತು, ಕಾದೀತು. ಅಂದಾಜು.
ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ನೋಡುತ್ತಿದ್ದಾರೆ.
ದುಡ್ಡಿಗೆ ಚುಚ್ಚುವವರ ಹತ್ತಿರ ಹೋಗಬೇಡಿ.’

‘ನೋಡಲಿ’ ಅಂದರು ಮಾಸ್ತರು.
ಹೊರಗೆ ಬಂದು ಚಾ ಅರ್ಧ ಚೆಲ್ಲಿ, ಅರ್ಧ ಕುಡಿದು,
‘ಮೊದಲ ಪೀಸು ಯಾವತ್ತೂ ಕೆಡತೈತೆ.
ಅದಕ್ಕಂತ ಹೊಲಿಯೋದು ಬಿಡ್ತಾರೇನು?’
ಖಾಸಿಂಬಿ ಮಾತಾಡಲಿಲ್ಲ. ಮಿಷನ್ನು ಉಳಿದವು.
ಅವಳು ಆ ಕಾಗದವನ್ನು ಎಸೆದದ್ದನ್ನು
ನಾನಂತೂ ನೋಡಿಲ್ಲ.

ಈಗ ಗೆರೆ ನನ್ನದು.
ಅವರು ಸ್ಟೂಲಿನ ಮೇಲೆ, ಮಗ್ಗುಲಲ್ಲಿ.
ಏನನ್ನೂ ಮುಟ್ಟುವುದಿಲ್ಲ.
‘ಒಂದು ನೂಲು ಒಳಕ್ಕೆ’ ಅನ್ನುತ್ತಾರೆ,
ನನ್ನ ಕೈ ಗಟ್ಟಿಯಾಗುತ್ತದೆ.
ಅವರ ಬಲಗೈ ಜೇಬಿನಲ್ಲಿ,
ಹೆಬ್ಬೆರಳು ತೋರುಬೆರಳ ನಡುವೆ ಸೀಮೆಸುಣ್ಣದ ತುಂಡೊಂದು
ಉರುಳುತ್ತಲೇ ಇರುತ್ತದೆ.
ರಾತ್ರಿ ಖಾಸಿಂಬಿ ಪ್ಯಾಂಟು ಕೊಡವುತ್ತಾಳೆ.
ಬಚ್ಚಲ ಕಲ್ಲಿನ ಮೇಲೆ ಬೆಳ್ಳಗೆ ಉದುರುತ್ತವೆ
ದಿನವಿಡೀ ಎಳೆಯದೆ ಉಳಿದ ಗೆರೆಗಳು.