ಒಂಬತ್ತನೇ ಕಲಂ

ತರಬೇತಿ ಮುಗಿದು ಮೂರು ತಿಂಗಳಾಗಿತ್ತು.
ಪರಿಣಾಮ ಎಷ್ಟಾಗಿದೆ ನೋಡಿ ಬರಲು ನನ್ನನ್ನೇ ಕಳಿಸಿದರು,
ಅಡಿಗೆ ಮಾಡಿದವನನ್ನೇ ರುಚಿ ಕೇಳಲು ಕಳಿಸಿದ ಹಾಗೆ.
ರಟ್ಟಿನ ಪ್ಯಾಡು, ನಾಲ್ಕು ಹಾಳೆ,
ಹನ್ನೆರಡು ಕಲಂ, ಒಂದರಿಂದ ಐದು ಅಂಕ.
ಕ್ಲಿಪ್ಪಿನ ಬಾಯಲ್ಲಿ ತುಕ್ಕು.

ಬೆಟಗೇರಿಯಲ್ಲಿ ಬಸ್ಸಿಳಿದರೆ ಕಿವಿಗೆ ಮೊದಲು ಮಗ್ಗ.
ಸಾಲೆಯ ಹಿಂಗೋಡೆ ಯಾರದೋ ಮಗ್ಗದ ಮನೆಗೆ ಆತುಕೊಂಡಿದೆ.
ಖಟ್ ಖಟಾ, ಖಟ್ ಖಟಾ.
ಮಕ್ಕಳು ಅದರ ತಾಳಕ್ಕೇ ಮಗ್ಗಿ ಹೇಳುತ್ತಾರೆ.

ಐದನೇ ಇಯತ್ತೆ. ಜುಬೇದಾ ನದಾಫ್ ಟೀಚರ್ ಕುರ್ಚಿ ಕೊಟ್ಟರು,
ನಾನು ಹಿಂದಿನ ಸಾಲಿನ ಮಣೆಯ ಮೇಲೆ ಕೂತೆ.
ನಾವು ಹಂಚಿದ ಭಿನ್ನರಾಶಿಯ ಕಿಟ್ಟು ಕಪಾಟಿನ ಮೇಲಿತ್ತು,
ಪ್ಲಾಸ್ಟಿಕ್ ಕವರು ಇನ್ನೂ ಹರಿದಿರಲಿಲ್ಲ.
ಕಲಂ ಮೂರು, ಸಾಮಗ್ರಿಯ ಬಳಕೆ: ಒಂದು.
ಗುಂಪು ಚಟುವಟಿಕೆ: ಎರಡು.
ಗೋಡೆಯ ಚಾರ್ಟಿನಲ್ಲಿ ಹೋದ ವರ್ಷದ ಹವಾಮಾನ.
ಪೆನ್ನು ಹಗುರಾಗಿ ಓಡುತ್ತಿತ್ತು.

ಆಗ ಕೇಳಿದರು: "ಅರ್ಧದಾಗ ಅರ್ಧ ಎಷ್ಟು?"
ಮುಂದಿನ ಸಾಲಿನ ನಾಲ್ಕು ಕೈ ಎದ್ದವು, ಎಂದಿನಂತೆ.
ಟೀಚರ್ ಯಾರನ್ನೂ ಎಬ್ಬಿಸಲಿಲ್ಲ.
ಸುಮ್ಮನೆ ನಿಂತರು.
ಒಂದು. ಎರಡು. ಗೋಡೆಯಾಚೆ ಲಾಳಿ ಹೋಗಿ ಬಂತು.
ಮೂರು. ಒಂದು ಕೈ ಬೇಸತ್ತು ಇಳಿಯಿತು.
ನಾಲ್ಕು. ನನಗೇ ತಡೆಯದಾಯಿತು, ಉತ್ತರ ನಾಲಗೆಯ ತುದಿಯಲ್ಲಿ.
ಐದು. ಆರು.
ಏಳಕ್ಕೆ, ಕಿಟಕಿಯ ಬಳಿಯ ಪವಿತ್ರಾ ಖಟವಟೆ,
ಹಾಜರಿ ಕರೆದಾಗಲೂ ಬರೀ ಕೈ ಎತ್ತಿದ್ದವಳು,
ಲಂಗದ ಅಂಚು ಹಿಂಡುತ್ತ:
"ಯಾತರ ಅರ್ಧರೀ ಟೀಚರ? ಸೀರೀದೋ, ಸೆರಗಿಂದೋ?"

ನಾನು ಹಾಳೆ ತಿರುವಿದೆ, ಮತ್ತೆ ತಿರುವಿದೆ.
ಆ ಏಳಕ್ಕೆ ಕಲಂ ಇರಲಿಲ್ಲ.

ಊಟದ ಬಿಡುವಿನಲ್ಲಿ, ಮಕ್ಕಳು ತಾಟು ತೊಳೆಯುವ ನಳದ ಹತ್ತಿರ ಕೇಳಿದೆ,
ಇದನ್ನೆಲ್ಲಿ ಕಲಿತಿರಿ?
"ನಿಮ್ಮ ಕಡಿಂದನ ಸರ್."
ನನ್ನ ಎದೆ ಉಬ್ಬುವಷ್ಟರಲ್ಲಿ ಅವರೇ ಮುಂದುವರಿದರು:
"ಮೂರನೇ ದಿನ ಮಧ್ಯಾಹ್ನ ಕರೆಂಟ್ ಹೋತು, ನೆನಪೈತಿ?
ಗ್ವಾಡಿ ಮ್ಯಾಲಿನ ನಿಮ್ಮ ಚಿತ್ರ ಆರಿ ಹೋದ್ವು.
ಮುಂದ ಏನ್ ಹೇಳಬೇಕು ತಿಳೀಲಾರದ ಸುಮ್ಮ ನಿಂತ್ರಿ.
ಹಿಂದ ಕುಂತ ನಾನು, ಇಪ್ಪತ್ತೆರಡು ವರ್ಷದ ಸರ್ವಿಸಿನಾಗ,
ಅವತ್ತ ಮೊದಲ ಸಲ ತರಬೇತ್ಯಾಗ ಬಾಯಿ ಬಿಟ್ಟು ಒಂದು ಮಾತು ಕೇಳಿದೆ.
ಏನ್ ಕೇಳಿದ್ನೋ, ನನಗೂ ಮರತೈತಿ.
ನೀವು ಸುಮ್ಮ ನಿಂತಿದ್ದಷ್ಟ ನೆನಪು."

ನನ್ನ ನೆನಪು ಬೇರೆ: ಜನರೇಟರಿನವನನ್ನು ಬೈದದ್ದು,
ನಲವತ್ತು ನಿಮಿಷ ಹಾಳಾಯಿತೆಂದು ವರದಿಯಲ್ಲಿ ಬರೆದದ್ದು.

ಕಲಂ ಒಂಬತ್ತು: ತರಬೇತಿಯ ಯಾವ ಅಂಶ ತರಗತಿಗೆ ತಲುಪಿದೆ?
ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಎರಡು ಮಿರ್ಚಿ ಮುಗಿಯುವವರೆಗೂ ಯೋಚಿಸಿದೆ.
ಎಣ್ಣೆಯ ಬೆರಳು ಹಾಳೆಗೆ ಹತ್ತಿತು. ಮತ್ತೇನೂ ಬರೆಯಲಿಲ್ಲ.

ಮರುದಿನ ಆಫೀಸಿನಿಂದ ಫೋನು:
"ಒಂಬತ್ತು ಖಾಲಿ ಐತ್ರಿ. ಅಂಕ ಹೇಳ್ರಿ, ತುಂಬತೀನಿ."
ನಾನು ಸುಮ್ಮನಿದ್ದೆ.
ಒಂದು. ಎರಡು. ಮೂರು.
"ಹಲೋ? ಸರ್? ನಾಲ್ಕ್ ಹಾಕಲೇನ್ರಿ?"
ಐದಕ್ಕೇ ಇಟ್ಟುಬಿಟ್ಟರು.